ನಾಲ್ಕು ದೋಷಗಳನ್ನು ಹಿಂತಿರುಗಿಸುವ ಬಗ್ಗೆ

ಜನವರಿ ೯

ತಮ್ಮಾ,

ಫೋನಿನಲ್ಲಿ ನಾವಿಬ್ಬರೂ ಒಂದು ಮಾತನ್ನು ನೆಟ್ಟಗೆ ಮುಗಿಸಿದ್ದು ನನಗೆ ನೆನಪಿಲ್ಲ. ಒಂದೋ ನಾನು ಕೂಗಾಡಿ ಇಡುತ್ತೇನೆ, ಇಲ್ಲವೇ ನೀನು "ಮೀಟಿಂಗ್ ಇದೆ ಅಕ್ಕಾ" ಅಂದು ಇಡುತ್ತೀಯ. ಅಮ್ಮನಿಗೆ ರೋಸಿ ಹೋಗಿದೆ. "ಇನ್ಮೇಲೆ ಕಾಗದ ಬರ್ಕೊಳ್ಳಿ, ನನ್ನ ಕಿವಿಗಾದ್ರೂ ಸ್ವಲ್ಪ ಪುಣ್ಯ ಬರ್ಲಿ" ಅಂದಳು. ಅದಕ್ಕೇ ಈ ಕಾಗದ.

ನಿನ್ನ ಎಂಜಿನ್ ಬಂತು. ಸೋಮವಾರ ನಿಮ್ಮ ಕಾಲೇಜಿನ ವ್ಯಾನಿನವನು ಹೇಳದೆ ಕೇಳದೆ ಬಂದು, ಶಾಲೆಯ ಗೇಟಿನೊಳಗೆ ಇಳಿಸಿ, "ವಾಹನ ದುರಸ್ತಿ ಮೇಡಂಗೆ ಕೊಡಿ ಅಂದ್ರು" ಅಂತ ಹೇಳಿ ಹೊರಟೇ ಹೋದ. ನನ್ನ ಹದಿನಾಲ್ಕು ಮಕ್ಕಳೂ ಸೇರಿ ಅದನ್ನು ಸ್ಟ್ಯಾಂಡಿನ ಸಮೇತ ತಳ್ಳಿಕೊಂಡು ವರ್ಕ್‌ಶಾಪಿಗೆ ತಂದರು. ವರ್ಕ್‌ಶಾಪು ಅಂದೆ, ನಗಬೇಡ. ಮೊದಲು ಸೈಕಲ್ ಸ್ಟ್ಯಾಂಡಾಗಿದ್ದ ಜಾಗಕ್ಕೆ ಮೂರು ಕಡೆ ಗೋಡೆ ಎಬ್ಬಿಸಿ ಕೊಟ್ಟಿದ್ದಾರೆ, ನಾಲ್ಕನೆಯದಕ್ಕೆ ಮಂಜೂರಾತಿ ಬರಬೇಕಂತೆ. ಇಷ್ಟು ವರ್ಷ ನಾನು ಆ ಅಡ್ಡಕ್ಕೆ ಕೊಯ್ದ, ಬಣ್ಣ ಬಳಿದ ಪ್ರದರ್ಶನದ ಎಂಜಿನ್ನನ್ನೇ ತೋರಿಸಿ ಪಾಠ ಮಾಡಿದೆ. ಒಂದು ಓಡುವ ಎಂಜಿನ್ ಕೊಡಿಸೋ ಅಂತ ನಿನ್ನ ಹತ್ತಿರ ಗೋಗರೆದು ಸಾಕಾಗಿತ್ತು. ಕೊನೆಗೂ ಮನಸ್ಸು ಮಾಡಿದೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ.

ಆದರೆ ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿಮ್ಮಲ್ಲಿ ಎಂಜಿನ್ನುಗಳನ್ನು ಯಾರು ನೋಡಿಕೊಳ್ಳುತ್ತಾರೆ? ಇದು ಕೆಮ್ಮುತ್ತಿತ್ತು, ನಡುಗುತ್ತಿತ್ತು, ಬೆಳಿಗ್ಗೆ ಹೊತ್ತು ಏಳುತ್ತಲೇ ಇರಲಿಲ್ಲ. ನೋಡಿದರೆ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಪ್ಲಗ್ ವೈರುಗಳು ಅದಲುಬದಲು. ಅರ್ಥಿಂಗ್ ಪಟ್ಟಿಯ ಕೆಳಗೆ ಕರೆಂಟೇ ಹರಿಯದ ಹಾಗೆ ಯಾರೋ ಪುಣ್ಯಾತ್ಮ ಬಣ್ಣ ಬಳಿದಿದ್ದಾನೆ. ಉಷ್ಣತೆಯ ಸೆನ್ಸರಿನ ಪಿನ್ನಿಗೆ ಏನು ಮೆತ್ತಿತ್ತು ಗೊತ್ತಾ? ನೇಲ್ ಪಾಲಿಶ್! ನಿಮ್ಮ ವಿಭಾಗದಲ್ಲಿ ಯಾರಪ್ಪಾ ಆ ಸಿಂಗಾರಿ? ಇಷ್ಟೆಲ್ಲ ಸರಿ ಮಾಡಿದ ಮೇಲೂ ಒಂದು ಸಣ್ಣ ತಡವರಿಕೆ ಉಳಿದಿತ್ತು. ಅದನ್ನು ಹಿಡಿದವಳು ನಮ್ಮ ಡಾಕ್ಟ್ರಮ್ಮ. ಹಿಂದಿನ ಬೆಂಚಿನ ಹುಡುಗಿ, ಗಾಳಿಯ ಸೋರಿಕೆ ಹುಡುಕುವಾಗ ಒಂದು ತುಂಡು ರಬ್ಬರ್ ಕೊಳವೆಯನ್ನು ಕಿವಿಗಿಟ್ಟುಕೊಂಡು ಕೇಳುತ್ತಾಳೆ, ಅದಕ್ಕೇ ಆ ಹೆಸರು. ಗಾಳಿ ಎಳೆಯುವ ಹೋಸಿನ ಅಡಿಭಾಗದಲ್ಲಿ ಸೂಜಿಮೊನೆಯಷ್ಟು ತೂತು. "ಮೇಡಂ, ಇಲ್ಲಿ ಉಸ್ ಅಂತಿದೆ" ಅಂದಳು. ಹೋಸು ಬದಲಾಯಿಸಿದೆವು. ಈಗ ನಿನ್ನ ಎಂಜಿನ್ ಎಷ್ಟು ಹದವಾಗಿ ಓಡುತ್ತದೆಂದರೆ, ಅದರ ಮೇಲೆ ಲೋಟದಲ್ಲಿ ನೀರಿಟ್ಟರೂ ತುಳುಕುವುದಿಲ್ಲ. ಮಕ್ಕಳು ಇಟ್ಟು ನೋಡಿದರು.

ಮಾರ್ಚ್ ಪರೀಕ್ಷೆಗೆ ಇನ್ನು ನನಗೆ ಯೋಚನೆಯಿಲ್ಲ. ಪಾಸಾದರೆ ನೇರ ನಿಮ್ಮ ಕಾಲೇಜಿನ ಎರಡನೇ ವರ್ಷಕ್ಕೆ ಪ್ರವೇಶ ಅಂತ ನೀವು ಕೊಟ್ಟಿರುವ ಮಾತನ್ನು ನಂಬಿಯೇ ಅರ್ಧ ಮಕ್ಕಳನ್ನು ಮನೆಯವರು ಇಲ್ಲಿಯವರೆಗೆ ಓದಿಸಿದ್ದಾರೆ. ಡಾಕ್ಟ್ರಮ್ಮನ ಅಪ್ಪ ಪ್ಯಾಕಿಂಗ್ ಗೋದಾಮಿನಲ್ಲಿ ಕೆಲಸಕ್ಕಿದ್ದಾರೆ. "ಪಾಸಾದ್ರೆ ಕಾಲೇಜು, ಇಲ್ದಿದ್ರೆ ನನ್ನ ಜೊತೆ ಗೋದಾಮು. ಇನ್ನೊಂದು ವರ್ಷ ಅಂತ ನನ್ನ ಹತ್ರ ಬರ್ಬೇಡಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ. ಆ ಹುಡುಗಿಯನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ಅಮ್ಮನ ಮಂಡಿನೋವು ಹಾಗೇ ಇದೆ. ನಿನ್ನನ್ನು ಕೇಳುತ್ತಿದ್ದಳು.

ಅಕ್ಕ


ಜನವರಿ ೨೨

ಅಕ್ಕಾ,

ನಿನ್ನ ಕಾಗದ ತಲುಪಿತು. ಎಲ್ಲರೂ ಕ್ಷೇಮ.

ಒಂದು ವಿನಂತಿ. ಆ ಎಂಜಿನ್ನನ್ನು ಇನ್ನು ಮುಂದೆ ಯಾರೂ ಮುಟ್ಟಬೇಡಿ. ಟಾರ್ಪಾಲು ಹೊದಿಸಿ, ಹಗ್ಗ ಕಟ್ಟಿ, ಒಂದು ಮೂಲೆಯಲ್ಲಿ ಇಡಿ. ಅದು ಕಾಲೇಜಿನ ಸ್ವತ್ತು. ಕಾರಣ ಕೇಳಬೇಡ.

ಅಮ್ಮನ ಮಂಡಿಗೆ ಎಣ್ಣೆ ಕಳಿಸುತ್ತೇನೆ.

ತಮ್ಮ


ಫೆಬ್ರವರಿ ೨

ತಮ್ಮಾ,

ಕಾರಣ ಕೇಳಬೇಡವಂತೆ! ನೀನು ಚಡ್ಡಿ ಹಾಕುವ ಕಾಲಕ್ಕೂ ಹೀಗೇ ಇದ್ದೆ. ನಿನ್ನ ಆಟಿಕೆಯ ಬಸ್ಸನ್ನು ನನಗೆ ಕೊಡುತ್ತಿದ್ದೆ, ನಾನು ಅದರ ಚಕ್ರ ಸರಿ ಮಾಡಿದ ತಕ್ಷಣ "ನಂದು, ಮುಟ್ಬೇಡ" ಅಂತ ಕಿತ್ತುಕೊಳ್ಳುತ್ತಿದ್ದೆ. ಕೆಟ್ಟಿರುವಾಗ ನನ್ನದು, ಓಡತೊಡಗಿದರೆ ಕಾಲೇಜಿನ ಸ್ವತ್ತು.

ಟಾರ್ಪಾಲು ಹೊದಿಸಿದ್ದೇನೆ. ಹಗ್ಗವನ್ನೂ ಕಟ್ಟಿಸಿದ್ದೇನೆ, ನಿನ್ನ ಆತ್ಮಕ್ಕೆ ತೃಪ್ತಿಯಾಗಲಿ. ಮಕ್ಕಳು "ಯಾಕೆ ಮೇಡಂ?" ಅಂದರು. "ಅದಕ್ಕೆ ನಿದ್ದೆ ಬಂದಿದೆ" ಅಂದೆ. ಇನ್ನೇನು ಹೇಳಲಿ, ನನ್ನ ಸ್ವಂತ ತಮ್ಮ ಕೊಟ್ಟದ್ದನ್ನು ವಾಪಸು ಕಿತ್ತುಕೊಳ್ಳುವ ಜಾತಿ ಅಂತಲೇ? ಈಗ ಮತ್ತೆ ಅದೇ ಕೊಯ್ದ ಎಂಜಿನ್ನಿನ ಮುಂದೆ ನಿಂತು, "ಇದು ಓಡುವುದಾದರೆ ಹೀಗೆ ಓಡುತ್ತಿತ್ತು" ಅಂತ ಪಾಠ ಮಾಡುತ್ತಿದ್ದೇನೆ.

ಇಲ್ಲಿನ ಕತೆ ಕೇಳು. ವೃತ್ತಿ ಶಿಕ್ಷಣಕ್ಕೆ ಬೆಂಬಲ ಅಂತ ಈ ವರ್ಷ ಮೇಲಿನಿಂದ ಏನು ಬಂತು ಗೊತ್ತಾ? ಒಂದು ಬ್ಯಾನರ್. ಎರಡಾಳು ಉದ್ದ ಇದೆ. ಅದರ ಮೇಲೆ ಬಿಳಿ ಟೋಪಿ ಹಾಕಿಕೊಂಡು ನಗುತ್ತಿರುವ ಒಬ್ಬ ಹುಡುಗ, ಕೈಯಲ್ಲಿ ಸ್ಪ್ಯಾನರ್, ಅದನ್ನು ತಲೆಕೆಳಗಾಗಿ ಹಿಡಿದಿದ್ದಾನೆ. ನಾನು ಕೇಳಿದ್ದು ಎಂಜಿನ್ ಆಯಿಲ್ ಮತ್ತು ಕೈ ಒರೆಸುವ ಬಟ್ಟೆ. ಬಟ್ಟೆಯೇನೋ ಬಂತಲ್ಲ ಅಂತ ಬ್ಯಾನರನ್ನು ಕತ್ತರಿಸಲು ಹೊರಟರೆ ಹೆಡ್‌ಮಾಸ್ತರರು ಅಡ್ಡ ಬಂದರು. ಅದನ್ನು ನಾಲ್ಕನೆಯ ಗೋಡೆಯ ಜಾಗದಲ್ಲಿ ಕಟ್ಟಿದ್ದೇವೆ. ಗಾಳಿ ಬೀಸಿದಾಗ ಆ ಹುಡುಗ ಹೊಟ್ಟೆ ಉಬ್ಬಿಸುತ್ತಾನೆ.

ನೀನು ಮುಖ್ಯಸ್ಥನಾದ ಮೇಲೆ ಬದಲಾಗಿದ್ದೀಯ. ಇದನ್ನು ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ.

ಎಣ್ಣೆ ಬಂತು. ಅಮ್ಮ ವಾಸನೆ ನೋಡಿ ಅಲಮಾರಿಯಲ್ಲಿಟ್ಟಳು.

ಅಕ್ಕ


ಫೆಬ್ರವರಿ ೨೦

ಅಕ್ಕಾ,

ನೀನು ಬೈದರೆ ನನಗೆ ಬೇಜಾರಿಲ್ಲ. ಬೈಸಿಕೊಂಡೇ ದೊಡ್ಡವನಾದವನು ನಾನು.

ಇಲ್ಲಿನ ಕೆಲಸ ನೀನು ಅಂದುಕೊಂಡ ಹಾಗಿಲ್ಲ. ಕುರ್ಚಿಗೆ ಚಕ್ರಗಳಿವೆ, ಆದರೆ ಎಲ್ಲಿಗೂ ಹೋಗುವ ಹಾಗಿಲ್ಲ. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಸಹಿ. ವ್ಯಾನು ಬೇಕೆಂದರೆ ಜನವರಿಯಲ್ಲಿ ಮಾತ್ರ ಖಾಲಿ, ಮಾರ್ಚಿನಲ್ಲಿ ಕೇಳಿದರೆ ಅದು ರಿಪೇರಿಗೆ ಹೋಗಿರುತ್ತದಂತೆ. ವಾಹನ ದುರಸ್ತಿ ವಿಭಾಗವಿರುವ ಕಾಲೇಜಿನ ವ್ಯಾನು ಹೊರಗಡೆ ರಿಪೇರಿಗೆ ಹೋಗುತ್ತದೆ, ಯಾಕೆಂದರೆ ನಮ್ಮ ಹತ್ತಿರ ಮಾಡಿಸಲು ನಿಯಮವಿಲ್ಲ. ನಕ್ಕುಬಿಡು.

ಮಕ್ಕಳಿಗೆ ದೋಷ ಹುಡುಕುವ ಅಭ್ಯಾಸವನ್ನು ಬೇರೆ ಯಾವುದರ ಮೇಲಾದರೂ ಮಾಡಿಸು. ನಿನ್ನ ಸ್ಕೂಟರ್ ಇದೆಯಲ್ಲ. ಪರೀಕ್ಷೆಯ ವಿಷಯದಲ್ಲಿ ಗಾಬರಿ ಬೇಡ. ಪರೀಕ್ಷಕರು ಒಂದು ದಿನ ಮುಂಚೆಯೇ ಬಂದು ಎಲ್ಲವನ್ನೂ ಪರಿಶೀಲಿಸಿಕೊಳ್ಳುತ್ತಾರೆ. ಏನಾದರೂ ಹೆಚ್ಚುಕಡಿಮೆ ಇದ್ದರೆ ಅವರೇ ಸರಿಪಡಿಸಿಕೊಳ್ಳುತ್ತಾರೆ. ಹಾಗಂತ ನನ್ನ ನಂಬಿಕೆ.

ಈ ಮಾತನ್ನು ಯಾಕೆ ಬರೆಯುತ್ತಿದ್ದೇನೆಂದು ಯೋಚಿಸುತ್ತಾ ಕೂರಬೇಡ. ಸುಮ್ಮನೆ ಬರೆದೆ.

ತಮ್ಮ


ಮಾರ್ಚ್ ೧೮

ತಮ್ಮಾ,

ಕೂತುಕೊಂಡು ಓದು. ನಿನ್ನ ಕುರ್ಚಿಗೆ ಚಕ್ರ ಇದ್ದರೆ ಗಟ್ಟಿಯಾಗಿ ಹಿಡಿದುಕೋ.

ಪರೀಕ್ಷಕರು ಹಿಂದಿನ ದಿನ ಬಂದರು. ದಪ್ಪ ಕನ್ನಡಕದ, ತುಂಬ ಮರ್ಯಾದಸ್ಥ ಮನುಷ್ಯ. ವರ್ಕ್‌ಶಾಪಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು, ಹಗ್ಗ ಬಿಗಿಸಿಕೊಂಡು ಕೂತ ಎಂಜಿನ್ ನೋಡಿ, "ಭಾಳ ಅಚ್ಚುಕಟ್ಟಾಗಿ ಇಟ್ಟಿದೀರ ಮೇಡಂ. ಯಾರೂ ಕೈ ಹಾಕಿಲ್ಲ ಅಂತ ನೋಡಿದ್ರೇ ಗೊತ್ತಾಗುತ್ತೆ" ಎಂದರು. ಟಾರ್ಪಾಲು ಎತ್ತಿಯೂ ನೋಡಲಿಲ್ಲ. ಯಾರ ಅಪ್ಪಣೆಯಿಂದ ಹೊದಿಸಿದ ಟಾರ್ಪಾಲು ಅಂತ ನಿನಗೆ ಗೊತ್ತಿದೆ. ಅದೇ ಪರೀಕ್ಷೆಯ ಎಂಜಿನ್ ಅಂತ ನನಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ! ಇದ್ಯಾಕೆ ಹೀಗಂತಾರೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, "ಪರೀಕ್ಷೆ ಮುಗಿಯೋವರೆಗೂ ಟೀಚರ್‌ಗಳು ಈ ಕಡೆ ಬರೋ ಹಾಗಿಲ್ಲ" ಅಂತ ನನ್ನನ್ನು ಆಚೆಗೆ ಕಳಿಸಿದರು. ಹೆಡ್‌ಮಾಸ್ತರರ ಹತ್ತಿರ ಓಡಿದೆ. "ಪರೀಕ್ಷಕರ ಕೆಲಸದಲ್ಲಿ ನಾವು ತಲೆ ಹಾಕಬಾರದು" ಎಂದರು.

ಮಾರನೆಯ ದಿನ ಪ್ರಶ್ನೆ ಒಂದೇ. ಎಂಜಿನ್ನಿನಲ್ಲಿರುವ ದೋಷಗಳನ್ನು ಪತ್ತೆ ಹಚ್ಚಿ ಬರೆಯಿರಿ. ಮಕ್ಕಳು ಸ್ಟಾರ್ಟ್ ಮಾಡಿದರು. ಅದು ಹಾಡಿಕೊಂಡು ಓಡಿತು. ಮತ್ತೆ ಮತ್ತೆ ನೋಡಿದರು, ಬಿಚ್ಚಿದರು, ಮೂಸಿದರು. ಒಬ್ಬೊಬ್ಬರೂ "ದೋಷವಿಲ್ಲ" ಅಂತ ಬರೆದರು. ಒಬ್ಬ "ಆರೋಗ್ಯವಾಗಿದೆ" ಅಂತ ಬರೆದ. ಡಾಕ್ಟ್ರಮ್ಮ ಮಾತ್ರ, "ಇದ್ದ ದೋಷಗಳನ್ನು ಜನವರಿಯಲ್ಲೇ ಸರಿ ಮಾಡಿದ್ದೇವೆ" ಅಂತ ಬರೆದಳು. ಆ ಉತ್ತರದ ಪಕ್ಕ ಪರೀಕ್ಷಕರು ಕೆಂಪು ಶಾಯಿಯಲ್ಲಿ "ಪ್ರಶ್ನೆಗೆ ಸಂಬಂಧವಿಲ್ಲ" ಅಂತ ಬರೆದಿದ್ದಾರೆ.

ಹದಿನಾಲ್ಕಕ್ಕೆ ಹದಿನಾಲ್ಕೂ ಸೊನ್ನೆ.

ಪರೀಕ್ಷೆ ಮುಗಿದ ಮೇಲೆ, ಮಕ್ಕಳು ಕಲಿಯಲಿ ಅಂತ ಆ ಮಹಾಶಯರು ಸರಿ ಉತ್ತರಗಳನ್ನು ಗಟ್ಟಿಯಾಗಿ ಓದಿದರಂತೆ. ಪ್ಲಗ್ ವೈರು. ಅರ್ಥಿಂಗ್ ಪಟ್ಟಿ. ಸೆನ್ಸರ್ ಪಿನ್ನು. ಹೋಸಿನ ತೂತು. ಮಕ್ಕಳು ತಮಾಷೆ ಅಂದುಕೊಂಡು ಗೊಳ್ಳೆಂದು ನಕ್ಕರಂತೆ, ಅದಕ್ಕೆ ಅಶಿಸ್ತು ಅಂತ ಬೇರೆ ಬರೆದುಕೊಂಡು ಹೋಗಿದ್ದಾರೆ. ನಾನು ಅವರ ಹಿಂದೆ ಬಸ್‌ಸ್ಟ್ಯಾಂಡಿನವರೆಗೂ ಹೋದೆ. "ಸಾರ್, ನೀವೇ ಕೇಳಿದ್ರಲ್ಲ, ಅದು ಸರಿಯಾಗಿ ಓಡ್ತಾ ಇತ್ತು ತಾನೆ?" ಅಂದೆ. "ಓಡ್ತಿತ್ತು ಮೇಡಂ. ಆದ್ರೆ ಕೀ ಉತ್ತರದಲ್ಲಿ ನಾಲ್ಕು ದೋಷ ಇದೆ. ನಾನು ಕೀ ಉತ್ತರ ನೋಡಿ ಅಂಕ ಕೊಡ್ಬೇಕೇ ಹೊರತು ಎಂಜಿನ್ ನೋಡಿ ಅಲ್ಲ" ಎಂದು ಬಸ್ ಹತ್ತಿದರು.

ಈಗ ಲೆಕ್ಕ ಹಾಕುತ್ತಾ ಕೂತಿದ್ದೇನೆ. ಬೇಕೆಂತಲೇ ಕೆಡಿಸಿ ಕಳಿಸಿದವನು ನೀನು. ನಾವು ಸರಿ ಮಾಡಿದ್ದೇವೆಂದು, ಯಾವ ಯಾವ ದೋಷ ಎಂಬುದರ ಸಮೇತ, ನಾನೇ ನಿನಗೆ ಬರೆದಿದ್ದೆ. ನಿನಗೆ ಅವತ್ತಿನಿಂದಲೂ ಗೊತ್ತಿತ್ತು. ಎರಡು ತಿಂಗಳ ಸಮಯವಿತ್ತು ನಿನ್ನ ಕೈಯಲ್ಲಿ. ನೀನು ಮಂಡಿನೋವಿನ ಎಣ್ಣೆ ಕಳಿಸಿದೆ.

ಒಂದು ಸಾಲು ಬರೆದಿದ್ದರೆ ಸಾಕಿತ್ತು. ಯಾಕೆ ಬರೆಯಲಿಲ್ಲ? ಈ ಸಲ ಕಾರಣ ಕೇಳುತ್ತಿದ್ದೇನೆ.

ಅಕ್ಕ


ಮಾರ್ಚ್ ೨೪

ಅಕ್ಕಾ,

ಹೇಳುತ್ತೇನೆ. ಪೂರ್ತಿ ಓದಿ ಆಮೇಲೆ ಬೈ.

ಪರೀಕ್ಷೆಯ ಎಂಜಿನ್ ಯಾವುದೆಂದು ಶಾಲೆಗೆ ತಿಳಿಸಬಾರದು, ಇದು ನಿಯಮ. ಸಾಮಾನ್ಯವಾಗಿ ಅದು ಹಿಂದಿನ ದಿನ ಬರುತ್ತದೆ. ಈ ಸಲ ವ್ಯಾನಿನ ಗಲಾಟೆಯಿಂದ ಜನವರಿಯಲ್ಲೇ ಕಳಿಸಬೇಕಾಯಿತು. ಒಂದು ಮೂಲೆಯಲ್ಲಿ ಬಿದ್ದಿರುತ್ತದೆ ಅಂದುಕೊಂಡೆ. ಕೆಟ್ಟ ಎಂಜಿನ್ನನ್ನು ನಿನ್ನ ಕಣ್ಣೆದುರು ಇಟ್ಟರೆ ಅದು ಕೆಟ್ಟೇ ಇರುತ್ತದೆ ಅಂತ ನಾನು, ನಿನ್ನ ತಮ್ಮನಾಗಿ, ಹೇಗೆ ನಂಬಿದೆನೋ ಗೊತ್ತಿಲ್ಲ.

ನಿನ್ನ ಕಾಗದ ಬಂದ ದಿನವೇ ಹೇಳಬೇಕೆಂದು ಪ್ರಿನ್ಸಿಪಾಲರ ಬಾಗಿಲವರೆಗೂ ಹೋಗಿದ್ದೆ. ಆದರೆ ಹೇಳಿದರೆ ಮೊದಲ ಪ್ರಶ್ನೆ, ನಿನಗೆ ಹೇಗೆ ಗೊತ್ತಾಯಿತು ಅಂತ. ಪ್ರಶ್ನೆ ತಯಾರಿಸುವವನ ಬಂಧುಗಳು ಪರೀಕ್ಷೆ ನಡೆಯುವ ಶಾಲೆಯಲ್ಲಿ ಇರಬಾರದು. ವಿಭಾಗದ ಮುಖ್ಯಸ್ಥನೇ ಪ್ರಶ್ನೆ ತಯಾರಿಸಬೇಕು. ಅಂಥ ಬಂಧುಗಳು ಯಾರೂ ಇಲ್ಲ ಅಂತ ನಾನು ಸಹಿ ಹಾಕಿ ಈ ಕುರ್ಚಿಯಲ್ಲಿ ಕೂತಿದ್ದೇನೆ. ನಾವು ಅಕ್ಕ ತಮ್ಮ ಅಂತ ಇಲ್ಲಿ ಯಾರಿಗೂ ತಿಳಿಯದು.

ಪರೀಕ್ಷಕರು ನೋಡಿಕೊಳ್ಳುತ್ತಾರೆ ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಮಕ್ಕಳಿಗೆ ಅನ್ಯಾಯವಾಗಿದೆ, ಒಪ್ಪುತ್ತೇನೆ. ಆದರೆ ಈಗಲೇ ಯಾರಿಗೂ ಬರೆಯಬೇಡ. ಮುಂದಿನ ವರ್ಷ ಅವರಿಗೆ ಶುಲ್ಕವಿಲ್ಲದೆ ಮತ್ತೆ ಕೂರಿಸುವ ಒಂದು ದಾರಿ ಹುಡುಕುತ್ತೇನೆ. ಒಂದೇ ವರ್ಷದ ಮಾತು. ಸ್ವಲ್ಪ ತಾಳ್ಮೆ ಇರಲಿ.

ತಮ್ಮ


ಏಪ್ರಿಲ್ ೧

ತಮ್ಮಾ,

ಇವತ್ತು ನಿಮ್ಮ ಕಾಲೇಜಿನಿಂದ ನೋಟಿಸು ಬಂತು. ತಾರೀಖು ನೋಡಿ ಯಾರೋ ಏಪ್ರಿಲ್ ಫೂಲ್ ಮಾಡಿದ್ದಾರೆ ಅಂದುಕೊಂಡೆ. ಇಲ್ಲ, ಮೊಹರಿದೆ. ವಿಷಯ: ನಾಲ್ಕು ದೋಷಗಳನ್ನು ಹಿಂತಿರುಗಿಸುವ ಬಗ್ಗೆ. ಕಾಲೇಜಿನ ಸ್ವತ್ತಾದ ಎಂಜಿನ್ನನ್ನು ಅನುಮತಿಯಿಲ್ಲದೆ ಮಾರ್ಪಡಿಸಿರುವುದರಿಂದ, ಸದರಿ ಎಂಜಿನ್ನನ್ನು ಮೊದಲಿನ ದೋಷಯುಕ್ತ ಸ್ಥಿತಿಗೆ ತಂದು ಒಪ್ಪಿಸತಕ್ಕದ್ದು.

ಕೆಳಗೆ ನಿನ್ನ ಸಹಿ. ಆ ಬಾಲ ಎಳೆಯುವ ಸಹಿಯನ್ನು ನಿನಗೆ ಕಲಿಸಿದವಳು ನಾನೇ.

ನನ್ನ ಜನ್ಮದಲ್ಲಿ ನಾನು ಏನೇನೋ ಸರಿ ಮಾಡಿದ್ದೇನೆ. ಸರಿ ಮಾಡಿದ್ದನ್ನು ಮತ್ತೆ ಕೆಡಿಸು ಅಂತ ಯಾರೂ ಹೇಳಿರಲಿಲ್ಲ. ಮಕ್ಕಳಿಗೆ ಓದಿ ಹೇಳಿದೆ. ಮೊದಲು ನಕ್ಕರು. ಒಬ್ಬಳು "ನೇಲ್ ಪಾಲಿಶ್ ನಾನು ತರ್ತೀನಿ ಮೇಡಂ, ಕೆಂಪಾ, ಗುಲಾಬೀನಾ?" ಅಂದಳು. ಆಮೇಲೆ ಯಾರೂ ನಗಲಿಲ್ಲ. ಹೋಸಿಗೆ ತೂತು ಹಾಕು ಅಂತ ಒಬ್ಬನ ಕೈಗೆ ಸೂಜಿ ಕೊಟ್ಟೆ. ಅವನು ಎಷ್ಟೋ ಹೊತ್ತು ಹಿಡಿದುಕೊಂಡು ನಿಂತಿದ್ದು, "ನನ್ನ ಕೈಲಿ ಆಗಲ್ಲ ಮೇಡಂ" ಅಂತ ವಾಪಸು ಕೊಟ್ಟ. ನನ್ನ ಕೈಯಲ್ಲೂ ಆಗಲಿಲ್ಲ. ಹಾಗಾಗಿ ನಿಮ್ಮ ದೋಷಗಳು ಸಿಗುವುದಿಲ್ಲ. ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ.

ಒಂದೇ ವರ್ಷದ ಮಾತು ಅಂತ ಬರೆದಿದ್ದೀಯ. ಯಾರ ವರ್ಷ? ನಿನ್ನದಾ? ಡಾಕ್ಟ್ರಮ್ಮ ಹೋದ ಸೋಮವಾರದಿಂದ ಶಾಲೆಗೆ ಬಂದಿಲ್ಲ. ಗೋದಾಮಿನಲ್ಲಿ ಅಪ್ಪನ ಪಕ್ಕದ ಮೇಜಿನಲ್ಲಿ ನಿಂತು ಡಬ್ಬಗಳಿಗೆ ಅಂಟುಪಟ್ಟಿ ಹಚ್ಚುತ್ತಿದ್ದಾಳೆ. ನಾನು ಹೋಗಿ ನೋಡಿದೆ. ಫ್ಯಾನಿನ ಶಬ್ದ ಎಷ್ಟಿದೆಯೆಂದರೆ ಪಕ್ಕದವರ ಮಾತೂ ಕೇಳುವುದಿಲ್ಲ. ನನ್ನನ್ನು ನೋಡಿ ತಲೆ ತಗ್ಗಿಸಿದಳು. ತಪ್ಪು ಮಾಡಿದವಳ ಹಾಗೆ! ಅವಳು!

ನನಗೆ ನಿನ್ನ ಮೇಲೆ ಸಿಟ್ಟು ಬಂದು ಬಂದು ಈಗ ಸುಸ್ತಾಗಿದೆ. ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಅವಳು ನಿನ್ನ ಪರವಾಗಿ ಏನಾದರೂ ಅನ್ನುತ್ತಾಳೆ, ಅದನ್ನು ಕೇಳುವ ಶಕ್ತಿ ನನಗಿಲ್ಲ.

ನೀನು ಉತ್ತರ ಬರೆಯಬೇಕಾಗಿಲ್ಲ.


ಏಪ್ರಿಲ್ ೧೫

ಅಕ್ಕಾ,

ನೀನು ಕೊನೆಗೆ "ಅಕ್ಕ" ಅಂತ ಹಾಕದೆ ಕಳಿಸಿದ ಮೊದಲ ಕಾಗದ ಅದು.

ಮರುಪರೀಕ್ಷೆ ಇದೆ. ಏಪ್ರಿಲ್ ೨೯, ಸೋಮವಾರ, ಇಲ್ಲೇ ಕಾಲೇಜಿನಲ್ಲಿ. ಬೇರೆ ಎಂಜಿನ್, ಬೇರೆಯವರು ಇಟ್ಟ ದೋಷಗಳು. ಏನೇನು ಅಂತ ನನಗೆ ಗೊತ್ತಿಲ್ಲ, ಗೊತ್ತಾಗುವ ಹಾಗೂ ಇಲ್ಲ. ಹದಿನಾಲ್ಕು ಮಕ್ಕಳ ಸೊನ್ನೆಯನ್ನು ರದ್ದು ಮಾಡಿದ್ದಾರೆ. ಪಾಸಾದವರಿಗೆ ಈ ವರ್ಷವೇ ಎರಡನೇ ವರ್ಷಕ್ಕೆ ಪ್ರವೇಶ. ಪ್ರಿನ್ಸಿಪಾಲರ ಲಿಖಿತ ಆದೇಶ ನಿಮ್ಮ ಹೆಡ್‌ಮಾಸ್ತರರಿಗೆ ನಾಳೆ ತಲುಪುತ್ತದೆ.

ನೋಟಿಸನ್ನು ಹರಿದುಹಾಕು. ಆ ಎಂಜಿನ್ ನಿಮ್ಮಲ್ಲೇ ಇರಲಿ ಅಂತ ಬರೆಸಿದ್ದೇನೆ. ದೋಷವಿಲ್ಲದ ಎಂಜಿನ್ ನಮ್ಮ ಪರೀಕ್ಷಾ ವಿಭಾಗಕ್ಕೆ ಉಪಯೋಗವಿಲ್ಲವಂತೆ.

ಇನ್ನು ಮುಂದೆ ಕಾಗದ ಬರೆದರೆ "ವಿಭಾಗದ ಮುಖ್ಯಸ್ಥರು" ಅಂತ ಬರೆಯಬೇಡ. ಬೇರೆಯವರು ಒಡೆದು ಓದುತ್ತಾರೆ. "ವರ್ಕ್‌ಶಾಪ್" ಅಂತ ಬರೆದರೆ ನನಗೆ ಸಿಗುತ್ತದೆ.

ತಮ್ಮ


ಏಪ್ರಿಲ್ ೨೦

ತಮ್ಮಾ,

ನಿನ್ನ ಕಾಗದದ ಕೊನೆಯ ಸಾಲುಗಳನ್ನು ಎರಡು ಸಲ ಓದಿದೆ. ಅಮ್ಮ "ಏನಂತೆ?" ಅಂದಳು. "ವಿಳಾಸ ಬದಲಾಗಿದೆಯಂತೆ" ಅಂದೆ.

ಮೆಚ್ಚಿ ಬೆನ್ನು ತಟ್ಟುತ್ತೇನೆ ಅಂತ ಕಾಯಬೇಡ. ಜನವರಿಯಲ್ಲಿ ಮಾಡಬೇಕಾದ್ದನ್ನು ಏಪ್ರಿಲಿನಲ್ಲಿ ಮಾಡಿದ್ದೀಯ. ಆದರೂ ಮಾಡಿದೆ. ಅಷ್ಟನ್ನು ಬರೆದಿಡುತ್ತೇನೆ.

ಮಕ್ಕಳು ಟಾರ್ಪಾಲು ಕಿತ್ತೆಸೆದು ಬೆಳಿಗ್ಗೆಯಿಂದ ಎಂಜಿನ್ನಿಗೆ ಜೋತುಬಿದ್ದಿದ್ದಾರೆ. ಹದಿಮೂರು ಜನ ತಯಾರು. ಬಸ್ಸಿಗೆ ದುಡ್ಡು ಹೆಡ್‌ಮಾಸ್ತರರು ಹೊಂದಿಸಿ ಕೊಟ್ಟರು, ಅದೂ ಬ್ಯಾನರಿನ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡ ಮೇಲೆ.

ಹದಿನಾಲ್ಕನೆಯವಳು ಬರುವುದಿಲ್ಲ. ಮನೆಗೆ ಎರಡು ಸಲ ಹೋದೆ. ಮೊದಲ ಸಲ ಅವಳ ಅಪ್ಪ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. "ಫೇಲು ಅಂತ ಬರ್ದು ಕಳ್ಸಿದ್ದು ನಿಮ್ಮವ್ರೇ. ಈಗ ಫೇಲಲ್ಲ ಅಂತ ಹೇಳ್ತಿರೋದೂ ನಿಮ್ಮವ್ರೇ. ನಾಳೆ ಇನ್ನೊಂದು ಹೇಳ್ತೀರ. ನನ್ನ ಮಗಳೇನು ನಿಮ್ಮ ಚೆಂಡಾ ಮೇಡಂ, ಅತ್ಲಾಗಿತ್ಲಾಗೆ ಒದೆಯೋಕೆ?" ಅಂದರು. ಎರಡನೆಯ ಸಲ ಬಾಗಿಲು ತೆರೆಯಲಿಲ್ಲ. ಆ ಮನುಷ್ಯ ಕೆಟ್ಟವರಲ್ಲ, ತಮ್ಮಾ. ಅವರು ಹೇಳಿದ್ದರಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ. ಅದೇ ನನ್ನ ಕಷ್ಟ.

ನನ್ನ ಮಾತಿಗೆ ಆ ಮನೆಯಲ್ಲಿ ಈಗ ಬೆಲೆಯಿಲ್ಲ. ಎಂಜಿನ್ ಕೆಡಿಸಿದವನು ನೀನು, ಬಾಯಿ ಮುಚ್ಚಿ ಕೂತವನು ನೀನು. ಹೋಗಬೇಕಾದವನೂ ನೀನೇ. ಕಾಗದ ಬರೆಯಬೇಡ, ಯಾರನ್ನೂ ಕಳಿಸಬೇಡ. ನೀನೇ ಬಾ. ಮನೆಗೆ ದಾರಿ: ಗೋದಾಮಿನ ಹಿಂದಿನ ಬೀದಿ, ನೀರಿನ ಟ್ಯಾಂಕಿನ ಎದುರು, ಹಸಿರು ಬಾಗಿಲು.

ಅವರು ಏನಾದರೂ ಅಂದರೆ ಅನ್ನಿಸಿಕೋ. ನಿಯಮಗಳ ಬಗ್ಗೆ ಮಾತ್ರ ಒಂದಕ್ಷರ ಹೇಳಬೇಡ.

ಅಕ್ಕ


ಮೇ ೩

ಅಕ್ಕಾ,

ಫಲಿತಾಂಶ ಇಷ್ಟು ಹೊತ್ತಿಗೆ ನಿನ್ನ ಕೈ ಸೇರಿರುತ್ತದೆ. ಹನ್ನೆರಡು ಜನ ಪಾಸು. ಉಳಿದ ಇಬ್ಬರು ನಿಜವಾಗಿಯೇ ಫೇಲಾಗಿದ್ದಾರೆ, ಅದರಲ್ಲಿ ನನ್ನ ಕೈವಾಡವಿಲ್ಲ. ಒಬ್ಬ "ಆರೋಗ್ಯವಾಗಿದೆ" ಅಂತ ಮತ್ತೆ ಬರೆದಿದ್ದಾನೆ.

ಭಾನುವಾರ ನಾನು ಹಸಿರು ಬಾಗಿಲಿನ ಮನೆಗೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ, ಬರುವ ಧೈರ್ಯವಾಗಲಿಲ್ಲ. ಅಮ್ಮನಿಗೆ ಹೇಳಬೇಡ.

ನಾನು ಯಾರು ಅಂತ ಬಾಗಿಲಲ್ಲೇ ಹೇಳಿದೆ. ಅವಳ ಅಪ್ಪ ಒಂದು ಕುರ್ಚಿ ಹಾಕಿದರು, ತಾವು ನಿಂತೇ ಇದ್ದರು. ನಾನೂ ಕೂರಲಿಲ್ಲ. ಬಸ್ಸಿನಲ್ಲಿ ಬರುತ್ತಾ ಹೇಗೆ ಹೇಳಬೇಕು ಅಂತ ಚೆನ್ನಾಗಿ ಜೋಡಿಸಿಕೊಂಡಿದ್ದೆ. ಅಲ್ಲಿ ನಿಂತಾಗ ಯಾವುದೂ ನೆನಪಾಗಲಿಲ್ಲ. "ನಿಮ್ಮ ಮಗಳು ಫೇಲಾಗಿರ್ಲಿಲ್ಲ. ತಪ್ಪು ನಂದು. ನಂಗೆ ಮೊದ್ಲೇ ಗೊತ್ತಿತ್ತು, ಹೇಳ್ಲಿಲ್ಲ" ಅಂದೆ. ಅವರು "ನನಗೆ ಯಾಕೆ ಹೇಳ್ತೀರ? ಅವಳಿಗೆ ಹೇಳಿ" ಅಂತ ಒಳಗೆ ಕೂಗಿದರು.

ಅವಳು ಬಂದಳು. ಬೆರಳುಗಳಿಗೆಲ್ಲ ಅಂಟಿನ ಕಲೆ. ಅದೇ ಮಾತುಗಳನ್ನು ಮತ್ತೆ ಹೇಳಿದೆ. ಅವಳು ಅಳಲಿಲ್ಲ, ಕೂಗಲಿಲ್ಲ. ಪಾಠದಲ್ಲಿ ಅರ್ಥವಾಗದ್ದನ್ನು ಕೇಳುವ ಹಾಗೆ ಕೇಳಿದಳು.

"ಹೇಳಿದ್ರೆ ಏನಾಗ್ತಿತ್ತು ಸಾರ್?"

"ನನ್ನ ಕುರ್ಚಿ ಹೋಗ್ತಿತ್ತು."

"ಈಗ?"

"ಹೋಯ್ತು."

"ಮತ್ತೆ ಸುಮ್ನಿದ್ದಿದ್ದು ಯಾತಕ್ಕೆ ಬಂತು?" ಅಂದಳು.

ಅವಳ ಅಪ್ಪ ನೆಲ ನೋಡುತ್ತಿದ್ದರು. ಕೊನೆಗೆ ಅವರೇ, "ನಾಳೆ ಎಷ್ಟು ಗಂಟೆಗೆ ಪರೀಕ್ಷೆ?" ಅಂತ ಕೇಳಿದರು. ಮಾರನೆಯ ದಿನ ಮಗಳನ್ನು ಅವರೇ ಕರೆದುಕೊಂಡು ಬಂದರು. ಪರೀಕ್ಷೆ ಮುಗಿಯುವವರೆಗೂ ಗೇಟಿನ ಹೊರಗೇ ನಿಂತಿದ್ದರು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಅವಳು ಎಲ್ಲ ದೋಷಗಳನ್ನೂ ಹಿಡಿದಳು. ಇದನ್ನು ನಾನು ಪರೀಕ್ಷಕರಿಂದ ಕೇಳಿದ್ದು, ಆ ಕೋಣೆಯೊಳಗೆ ನನಗೆ ಪ್ರವೇಶವಿರಲಿಲ್ಲ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಕುರ್ಚಿಯಿಂದ ಇಳಿಸಿದವರನ್ನು ಎಲ್ಲಾದರೂ ಹಾಕಬೇಕಲ್ಲ, ನನ್ನನ್ನು ಎರಡನೇ ವರ್ಷದ ವರ್ಕ್‌ಶಾಪಿಗೆ ಹಾಕಿದ್ದಾರೆ. ಅಂದರೆ ನಿನ್ನ ಹನ್ನೆರಡು ಜನಕ್ಕೂ ಜೂನಿನಿಂದ ನಾನೇ ಮೇಷ್ಟ್ರು. ನಾನು ಪಾಠ ಮಾಡಿ ವರ್ಷಗಳಾದವು. ನಿನ್ನೆ ಸಂಜೆ ಕೋಣೆ ಗುಡಿಸಿ, ಸ್ಪ್ಯಾನರುಗಳನ್ನು ಒರೆಸಿ, ಬೆಂಚುಗಳನ್ನು ಸಾಲಾಗಿ ಇಟ್ಟೆ. ಆಮೇಲೆ ನನ್ನ ಮೇಜಿನ ಹಿಂದೆ ನಿಂತು ನೋಡಿದೆ. ಹಿಂದಿನ ಬೆಂಚು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಅವಳು ಅಲ್ಲಿ ಕೂತಿರುತ್ತಾಳೆ. ಬೇರೆಯವರು ಸುಮ್ಮನೆ ಬರೆದುಕೊಳ್ಳುವುದನ್ನು ಅವಳು ಯಾಕೆ ಸಾರ್ ಅಂತ ಕೇಳುತ್ತಾಳೆ. ಅಕ್ಕಾ, ಪ್ರಿನ್ಸಿಪಾಲರ ಮುಂದೆ ನಿಂತಾಗಲೂ ನನಗೆ ಇಷ್ಟು ಹೆದರಿಕೆಯಾಗಿರಲಿಲ್ಲ.

ತಮ್ಮ